ಕರೆಂಟ್ ಹೋದರೂ ಲೆಕ್ಕ ಉಳಿಯಬೇಕು

ಹಿರೇಬೆಂಡಿಗೇರಿಯ ಹಳೇ ಬಾವಿಗಳ ಹೆಸರು ಬರೆದಿಡಲು ನಾವು ಮನೆಮನೆಗೆ ಹೋಗಿದ್ದೆವು. ನಮ್ಮ ಹತ್ತಿರ ಇದ್ದದ್ದು ಬ್ಯಾಟರಿ ಕೆಟ್ಟ ಹಳೇ ಲ್ಯಾಪ್‌ಟಾಪ್. ಅಜ್ಜಿಯೊಬ್ಬರ ಮಾತು ಟೈಪ್ ಮಾಡುತ್ತಿದ್ದಾಗ ಕರೆಂಟ್ ಹೋಯಿತು, ಫೈಲು ಮತ್ತೆ ತೆರೆಯಲಿಲ್ಲ. ಅಜ್ಜಿ ಬೇಸರಿಸದೆ ಮತ್ತೊಮ್ಮೆ ಹೇಳಿದರು. ಆದರೆ ಎರಡು ಬಾವಿಗಳ ಹೆಸರು ಅವರಿಗೆ ಮತ್ತೆ ನೆನಪಾಗಲಿಲ್ಲ.

ನೆಟ್ ಸಿಕ್ಕು ಬೇರೆ ಕಡೆ ಕಳಿಸುವತನಕ ಮಾಹಿತಿಯನ್ನು ಎಲ್ಲಿಡಬೇಕು? ಈ ಪ್ರಶ್ನೆ ನಮ್ಮದಷ್ಟೇ ಅಲ್ಲ, ಹಳೆಯದು.

1979ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ 'ಡಿಬಿಎಂ' ಬರೆದರು. ಹೆಸರು ಕೊಟ್ಟರೆ ಅದರ ಮುಂದಿನ ಮಾಹಿತಿ ಹುಡುಕಿಕೊಡುವುದಷ್ಟೇ ಅದರ ಕೆಲಸ. ದೊಡ್ಡ ಲೆಕ್ಕಗಳಿಗೆ ಮಾತ್ರ ಬೇರೆಯೇ ಸರ್ವರ್ ಬೇಕಾಗುತ್ತಿತ್ತು.

2000ದ ಹೊತ್ತಿಗೆ ರಿಚರ್ಡ್ ಹಿಪ್ ಅಮೆರಿಕದ ಯುದ್ಧನೌಕೆಯೊಂದಕ್ಕೆ ಸಾಫ್ಟ್‌ವೇರ್ ಬರೆಯುತ್ತಿದ್ದರು. ಹಡಗಿಗೆ ಪೆಟ್ಟು ಬಿದ್ದಾಗ ನೆರವಾಗಬೇಕಾದ ಸಾಫ್ಟ್‌ವೇರ್ ಅದು. ಡೇಟಾಬೇಸ್ ಸರ್ವರ್ ನಿಂತರೆ ಅದೂ ನಿಲ್ಲುತ್ತಿತ್ತು. ಸರ್ವರ್ ಯಾಕೆ ಬೇಕು, ಡಿಸ್ಕ್‌ನಿಂದಲೇ ಓದಿದರಾಯಿತಲ್ಲ ಎಂದುಕೊಂಡು ಅವರು 'ಎಸ್‌ಕ್ಯೂಎಲ್‌ಲೈಟ್' ಮಾಡಿದರು. ಮೊದಲ ಆವೃತ್ತಿ 2000ದ ಆಗಸ್ಟ್‌ನಲ್ಲಿ ಬಂತು. ಅದು ಡಿಬಿಎಂ ವಂಶದ 'ಜಿಡಿಬಿಎಂ' ಮೇಲೆ ನಿಂತಿತ್ತು. 2001ರಲ್ಲಿ ತನ್ನದೇ ಬುನಾದಿ ಹಾಕಿಕೊಂಡಿತು. ಜೋಳವನ್ನು ಮನೆಯ ಹಗೇವಿನಲ್ಲೇ ಇಟ್ಟ ಹಾಗೆ, ಲೆಕ್ಕವೆಲ್ಲ ಒಂದೇ ಫೈಲಿನಲ್ಲಿ. ಇದಕ್ಕೆ ದುಡ್ಡೂ ಕೊಡಬೇಕಿಲ್ಲ.

ನಾವು ಇದನ್ನೇ ಆರಿಸಿಕೊಂಡೆವು. ಇದು ಬದಲಾಗಲಿರುವ ಪುಟದ ಹಳೇ ಪ್ರತಿಯನ್ನು ಮೊದಲೇ 'ಜರ್ನಲ್' ಎಂಬ ಫೈಲಿನಲ್ಲಿ ತೆಗೆದಿಡುತ್ತದೆ. ನಡುವೆ ಕರೆಂಟ್ ಹೋದರೆ, ಮುಂದಿನ ಸಲ ತೆರೆದಾಗ ಅದನ್ನು ನೋಡಿ ಸರಿಪಡಿಸಿಕೊಳ್ಳುತ್ತದೆ. ಅರ್ಧ ಬರೆದದ್ದು ಹೋದರೂ ಹಿಂದಿನದು ಉಳಿಯುತ್ತದೆ.

ಹಳೇ ಯಂತ್ರದಲ್ಲಿ ಒಂದು ತೊಡಕಿದೆ. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕ್‌ನಲ್ಲೂ ಸೆಕೆಂಡಿಗೆ ಸುಮಾರು 60 ಸಲ ಮಾತ್ರ ಭದ್ರವಾಗಿ ಉಳಿಸಲು ಆಗುತ್ತದೆ. ಆದ್ದರಿಂದ ಒಂದೊಂದು ಸಾಲನ್ನೂ ಬೇರೆ ಬೇರೆ ಉಳಿಸದೆ, ಒಂದು ಬಾವಿಯ ವಿವರವನ್ನೆಲ್ಲ ಒಟ್ಟಿಗೆ ಉಳಿಸುತ್ತೇವೆ. ಚೀಲ ತುಂಬಿದ ಮೇಲೆ ಹೊತ್ತ ಹಾಗೆ. ಚೀಲ ತೀರಾ ದೊಡ್ಡದಾದರೆ ಕಳೆದುಕೊಳ್ಳುವುದೂ ಹೆಚ್ಚು.

ನಿಮ್ಮ ಆಂಡ್ರಾಯ್ಡ್ ಫೋನಿನಲ್ಲೂ ಎಸ್‌ಕ್ಯೂಎಲ್‌ಲೈಟ್ ಇದೆ. ವಾಟ್ಸಾಪ್ ನಿಮ್ಮ ಮೆಸೇಜುಗಳನ್ನು ಫೋನಿನಲ್ಲಿ ಇಟ್ಟುಕೊಳ್ಳುವುದು ಅದರಲ್ಲೇ. ನೆಟ್ ಇಲ್ಲದಾಗ ಕಳಿಸಿದ ಮೆಸೇಜ್ ಅಲ್ಲಿಯೇ ಕಾಯುತ್ತದೆ.

ಆದರೆ ಡಿಸ್ಕೇ ಸುಟ್ಟರೆ ಜರ್ನಲ್ಲೂ ಹೋಗುತ್ತದೆ. ಅದಕ್ಕೇ ಈಗ ನಾವು ಪ್ರತಿ ಸಂಜೆ ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕುತ್ತೇವೆ. ಆ ಎರಡು ಹೆಸರು ಮಾತ್ರ ಇನ್ನೂ ಸಿಕ್ಕಿಲ್ಲ.