ಟೇಲರ್ ಸಾಹೇಬನ ಕಥೆ ಪೂರಾ ಓದಿದ ಮೇಲೆ

ಖೂಬಾ ಪ್ಲಾಟ್‌ನಿಂದ ನಡೆದು ಶಾಲೆಗೆ ಬರುತ್ತಿದ್ದ ದಿನಗಳವು. ಒಂಬತ್ತನೇ ತರಗತಿಯಲ್ಲಿ ನನಗೆ ಚರ್ಚಾಸ್ಪರ್ಧೆಯ ಮೊದಲ ಬಹುಮಾನ ಬಂತು. ವಿಷಯ: ಬ್ರಿಟಿಷ್ ಆಳ್ವಿಕೆಯಿಂದ ನಾಡಿಗೆ ಒಳಿತಾಯಿತೇ? ನಾನು ‘ಆಯಿತು’ ಎಂಬ ಪಕ್ಷ. ನಮ್ಮೂರಿನ ಮೇಲೆ ಹಾಯುವ ಮುಂಬಯಿ–ಮದ್ರಾಸ್ ರೈಲುಮಾರ್ಗ ಮತ್ತು ಸುರಪುರದ ಮೆಡೋಸ್ ಟೇಲರ್, ಇವೆರಡೇ ನನ್ನ ಆಧಾರ. ಬಹುಮಾನ ಕೊಡುತ್ತ ಸಮಾಜ ವಿಜ್ಞಾನದ ಗುರುಗಳು, “ಛಲೋ ಮಾತಾಡಿದಿ. ಆದ್ರ ಟೇಲರನ ಕಥಿ ಪೂರಾ ಓದು” ಎಂದರು. ಓದಿದ್ದು ಬಿಇ ಮುಗಿಸಿ ನೌಕರಿ ಸೇರಿದ ಮೇಲೆ.

ಟೇಲರ್ ಸುರಪುರಕ್ಕೆ ಬಂದದ್ದು 1841ರಲ್ಲಿ. ದೊರೆ ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಇನ್ನೂ ಬಾಲಕ. ಟೇಲರ್ ಆಡಳಿತ ನೋಡಿಕೊಂಡ, ಕೆರೆ ಕಟ್ಟಿಸಿದ, ರಸ್ತೆ ಮಾಡಿಸಿದ. ಹುಡುಗ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. 1853ರಲ್ಲಿ ವೆಂಕಟಪ್ಪ ನಾಯಕನ ಕೈಗೆ ಅಧಿಕಾರ ಬಂತು. ನನ್ನ ಭಾಷಣ ಇಲ್ಲಿಗೇ ಮುಗಿದಿತ್ತು.

ಮುಂದಿನದು ಹೀಗಿದೆ. 1858ರಲ್ಲಿ ಆ ತರುಣ ದೊರೆ ಬ್ರಿಟಿಷರ ವಿರುದ್ಧ ನಿಂತ. ಸೋತು ಹೈದರಾಬಾದಿಗೆ ಹೋದಾಗ ಸೆರೆಯಾದ. ಟೇಲರ್ ಸೆರೆಯಲ್ಲಿ ಅವನನ್ನು ಕಂಡು ಮರುಗಿದ. ಗಲ್ಲು ಶಿಕ್ಷೆ ಕೊನೆಗೆ ನಾಲ್ಕು ವರ್ಷದ ಸೆರೆವಾಸಕ್ಕಿಳಿಯಿತು. ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲೇ ದೊರೆ ಗುಂಡಿನಿಂದ ಸತ್ತ. ತಾನೇ ಹಾರಿಸಿಕೊಂಡನೆಂದು ಬ್ರಿಟಿಷರು ಬರೆದರು. ಕೊಂದರೆಂದು ನಮ್ಮ ಜನ ನಂಬಿದರು. 1860ರಲ್ಲಿ ಸುರಪುರವನ್ನು, ದಂಗೆಯ ಕಾಲದಲ್ಲಿ ತಮಗೆ ನಿಷ್ಠನಾಗಿದ್ದ ನಿಜಾಮನಿಗೆ ಬ್ರಿಟಿಷರು ಕೊಟ್ಟುಬಿಟ್ಟರು. ಅಲ್ಲಿನ ಜನರನ್ನು ಯಾರೂ ಕೇಳಲಿಲ್ಲ. 1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದರೂ ನಮ್ಮ ಭಾಗ 1948ರ ಸೆಪ್ಟೆಂಬರ್ 17ರವರೆಗೆ ಕಾಯಬೇಕಾಯಿತು.

ರೈಲಿನ ಲೆಕ್ಕವೂ ಹಾಗೆಯೇ. ಇಂಗ್ಲೆಂಡಿನ ಷೇರುದಾರರಿಗೆ ಶೇಕಡಾ 5ರ ಲಾಭದ ಖಾತರಿಯಿತ್ತು. ಕಡಿಮೆ ಬಿದ್ದರೆ ತುಂಬಿಕೊಡುತ್ತಿದ್ದುದು ಭಾರತದ ಕಂದಾಯದಿಂದ. ಆ ರೈಲಿನಲ್ಲಿ ನಾನೂ ಬೆಂಗಳೂರಿಗೆ ಹೋದವನೇ. ಅದರಿಂದಾದ ಉಪಯೋಗ ಸುಳ್ಳಲ್ಲ. ಆದರೆ ಅದನ್ನು ದಾನವೆಂದದ್ದು ನನ್ನ ತಪ್ಪು.

ಟೇಲರ್ ಒಳ್ಳೆಯವನೇ. ಸುರಪುರದ ಟೇಲರ್ ಮಂಜಿಲ್ ನೋಡುವಾಗ ಇಂದಿಗೂ ಗೌರವ ಮೂಡುತ್ತದೆ. ಆದರೆ ಅಂಥವನಿಂದಲೂ ತನ್ನನ್ನು ‘ಅಪ್ಪಾ’ ಎಂದವನನ್ನು ಉಳಿಸಿಕೊಳ್ಳಲಾಗಲಿಲ್ಲ. ಅವನು ದುಡಿಯುತ್ತಿದ್ದ ಸರ್ಕಾರ ಸುರಪುರದವರಿಗೆ ಉತ್ತರ ಹೇಳಬೇಕಾದ ಸರ್ಕಾರವಾಗಿರಲಿಲ್ಲ. ಒಬ್ಬ ಅಧಿಕಾರಿಯ ಒಳ್ಳೆಯತನದಿಂದ ಇಡೀ ಆಳ್ವಿಕೆಯನ್ನು ಅಳೆದದ್ದೇ ನನ್ನ ವಾದದ ದೋಷ.

ಸುವರ್ಣ ಮಹೋತ್ಸವದಲ್ಲಿ ಇದೇ ವಿಷಯದ ಮೇಲೆ ಮತ್ತೊಮ್ಮೆ ಸ್ಪರ್ಧೆ ಇಡಿರಿ ಎಂದು ಗುರುಗಳಲ್ಲಿ ನನ್ನ ವಿನಂತಿ. ಮಕ್ಕಳು ಎರಡೂ ಪಕ್ಷದಲ್ಲಿ ಮಾತಾಡಲಿ. ಕಥೆಯನ್ನು ಮಾತ್ರ ಪೂರಾ ಓದಿಕೊಂಡು ಬರಲಿ.