ಡೆನ್ಮಾರ್ಕಿನ ಗಾಳಿಯೂ ಅದರ ಲೆಕ್ಕಾಚಾರವೂ

ಬೀಸುವ ಗಾಳಿಗೆ ಕಂದಾಯವಿಲ್ಲವಾದ ಕಾರಣ ಗಾಳಿಯಿಂದ ಹುಟ್ಟಿಸಿದ ವಿದ್ಯುಚ್ಛಕ್ತಿಯೂ ಪುಕ್ಕಟೆಯಾಗಿಯೇ ದೊರೆಯಬೇಕೆಂದು ಭಾವಿಸುವುದು ಸಹಜವೇ ಆದರೂ, ಈ ವಿದ್ಯೆಯನ್ನು ದೀರ್ಘಕಾಲ ಪಟ್ಟು ಬಿಡದೆ ಸಾಧಿಸಿದ ಡೆನ್ಮಾರ್ಕ್ ದೇಶದ ಚರಿತ್ರೆಯನ್ನು ಪರಿಶೀಲಿಸಿದರೆ, ಅಲ್ಲಿಯ ಜನ ಒಂದು ಶತಮಾನಕ್ಕೂ ಮಿಕ್ಕಿ ಬೆಲೆ ತೆತ್ತಿರುವುದು ಹೆಚ್ಚಾಗಿ ಗಾಳಿ ಬೀಸದ ಹೊತ್ತಿಗಾಗಿಯೇ ಎಂಬುದು ವ್ಯಕ್ತವಾಗುತ್ತದೆ. ಆ ಪುಟ್ಟ ದೇಶದಲ್ಲಿ ಬೆಟ್ಟವೆನ್ನಬಹುದಾದ ಬೆಟ್ಟವಿಲ್ಲ, ಧುಮುಕುವ ನದಿಯಿಲ್ಲ, ಹೇಳಿಕೊಳ್ಳುವಂಥ ಕಲ್ಲಿದ್ದಲೂ ಇಲ್ಲ. ನಮ್ಮ ಮೈಸೂರು ಸಂಸ್ಥಾನವು 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ತಂತಿಯ ಮೇಲೆ ಕಳುಹಿಸಿದಾಗ, ಇಂದಿನ ನೀರನ್ನು ಕಟ್ಟೆ ಹಾಕಿ ನಾಳೆಗೆ ಉಳಿಸಿಕೊಳ್ಳಬಹುದೆಂಬ ಭರವಸೆಯಾದರೂ ಇತ್ತು. ಉತ್ತರ ಸಮುದ್ರದ ಗಾಳಿಗೆ ಕಟ್ಟೆ ಹಾಕುವ ಉಪಾಯವನ್ನು ಡೇನರು ತಾವೇ ಹುಡುಕಿಕೊಳ್ಳಬೇಕಾಗಿತ್ತು.

ಗಾಳಿಯಿಂದ ವಿದ್ಯುತ್ತನ್ನು ಪಡೆದವರಲ್ಲಿ ಅವರೇನೂ ಮೊದಲಿಗರಲ್ಲ. 1887ರಲ್ಲಿ ಸ್ಕಾಟ್ಲೆಂಡಿನ ಪ್ರಾಧ್ಯಾಪಕ ಜೇಮ್ಸ್ ಬ್ಲೈತ್ ಬಟ್ಟೆಯ ಪಟಗಳ ಯಂತ್ರವೊಂದರಿಂದ ತನ್ನ ಮನೆಗೆ ದೀಪ ಹಾಕಿಕೊಂಡಿದ್ದನು. ಮಿಕ್ಕ ವಿದ್ಯುತ್ತನ್ನು ಊರ ಬೀದಿಯ ದೀಪಕ್ಕೆ ಕೊಡುತ್ತೇನೆಂದರೆ ಊರವರು ಅದು ಸೈತಾನನ ಕೆಲಸವೆಂದು ಬೇಡವೆಂದರಂತೆ. ಮರುವರ್ಷ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಚಾರ್ಲ್ಸ್ ಬ್ರಷ್ ಎಂಬ ಧನಿಕ ಸಂಶೋಧಕನು ತನ್ನ ಸೌಧದ ಹಿತ್ತಿಲಿನಲ್ಲಿ 144 ಮರದ ಅಲಗುಗಳ ಚಕ್ರವನ್ನು ನಿಲ್ಲಿಸಿ, ಅದರ 12 ಕಿಲೊವಾಟ್ ಶಕ್ತಿಯನ್ನು ನೆಲಮಾಳಿಗೆಯ ಬ್ಯಾಟರಿಗಳಲ್ಲಿ ತುಂಬಿಡುತ್ತಿದ್ದನು. ಧನಿಕನ ಹವ್ಯಾಸಕ್ಕೆ ಯೂನಿಟ್ಟಿನ ದರ ಕೇಳುವವರಾರು?

ಆ ದರವನ್ನು ಹಳ್ಳಿಯೇ ಹೊರುವಂತಿರಬೇಕೆಂದು ಹಟ ಹಿಡಿದು ಕುಳಿತವನು ಡೆನ್ಮಾರ್ಕಿನ ಜಟ್ಲೆಂಡ್ ಪ್ರಾಂತದ ಆಸ್ಕೋವ್ ಗ್ರಾಮದ ಉಪಾಧ್ಯಾಯ ಪೌಲ್ ಲಾ ಕೂರ್. ಹವಾಮಾನ ಇಲಾಖೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು, ತಂತಿ ವಾರ್ತೆಯ ಯಂತ್ರಗಳಲ್ಲಿ ಹೊಸ ಯುಕ್ತಿಗಳನ್ನು ಕಂಡುಹಿಡಿದು ಹೆಸರು ಗಳಿಸಿದ್ದ ಈತನು, 1878ರಲ್ಲಿ ರಾಜಧಾನಿಯ ಬದುಕನ್ನು ಬಿಟ್ಟು, ಗ್ರುಂಟ್‌ವಿಗ್ ಎಂಬ ಧರ್ಮಗುರುವಿನ ಕಲ್ಪನೆಯಿಂದ ಹುಟ್ಟಿ ರೈತರ ಮಕ್ಕಳಿಗೆ ವಿದ್ಯಾದಾನ ಮಾಡುತ್ತಿದ್ದ ಶಾಲೆಯೊಂದಕ್ಕೆ ಬಂದು ಸೇರಿದನು. ನಮ್ಮ ವಯಸ್ಕರ ಶಿಕ್ಷಣ ಸಮಿತಿಯವರ ವಿದ್ಯಾಪೀಠಗಳಿಗೂ ಇಂಥ ಶಾಲೆಗಳೇ ಪ್ರೇರಣೆ. ವಿದ್ಯುತ್ತೆಂಬ ಹೊಸ ಭಾಗ್ಯವು ಪಟ್ಟಣಗಳಿಗಷ್ಟೇ ಮೀಸಲಾದರೆ ಹಳ್ಳಿಗಳು ಬರಿದಾಗುವುವೆಂಬ ಆತಂಕ ಅವನದು. 1891ರಲ್ಲಿ ಸರ್ಕಾರದ ಸಹಾಯಧನದಿಂದ ತನ್ನ ಮೊದಲ ಗಾಳಿಯಂತ್ರವನ್ನು ಕಟ್ಟಿದ ಮೇಲೆ, ಗಾಳಿಯ ಚಂಚಲ ಸ್ವಭಾವವನ್ನು ಪಳಗಿಸಲು ತೂಕದ ಗುಂಡು ರಾಟೆಗಳ ಸರಳ ಸಾಧನವೊಂದನ್ನು ಹೂಡಿ ಡೈನಮೋದ ವೇಗವನ್ನು ಸಮಗೊಳಿಸಿದನು. ಗಾಳಿಯ ಸುರಂಗದಲ್ಲಿ ಪುಟ್ಟ ಮಾದರಿಗಳನ್ನು ಪರೀಕ್ಷಿಸಿ, ಅಲಗುಗಳು ಕಡಿಮೆಯಿದ್ದು ವೇಗವಾಗಿ ತಿರುಗುವ ಚಕ್ರವೇ ಹೆಚ್ಚು ಫಲಪ್ರದವೆಂದು ತೋರಿಸಿದನು.

ಆದರೆ ಗಾಳಿ ನಿಂತ ರಾತ್ರಿ ದೀಪಕ್ಕೇನು ಗತಿ? ಗಾಳಿಯ ವೇಗ ಅರ್ಧಕ್ಕಿಳಿದರೆ ಅದರ ಶಕ್ತಿ ಎಂಟರಲ್ಲೊಂದು ಪಾಲಿಗಿಳಿಯುವುದೆಂಬ ಪ್ರಕೃತಿನಿಯಮಕ್ಕೆ ವಿನಾಯಿತಿಯಿಲ್ಲ. ಬ್ಯಾಟರಿಗಳು ದುಬಾರಿಯಾಗಿದ್ದುದರಿಂದ ಲಾ ಕೂರ್ ವಿದ್ಯುತ್ತಿನಿಂದ ನೀರನ್ನು ವಿಭಜಿಸಿ, ಜಲಜನಕವನ್ನು ತೊಟ್ಟಿಯಲ್ಲಿ ಶೇಖರಿಸಿ, 1895ರಿಂದ 1902ರ ವರೆಗೆ ಆಸ್ಕೋವ್ ಶಾಲೆಯನ್ನು ಆ ಅನಿಲದಿಂದಲೇ ಬೆಳಗಿಸಿದನು. ಅನಿಲದೊಳಕ್ಕೆ ಆಮ್ಲಜನಕ ಸ್ವಲ್ಪ ಬೆರೆತಾಗಲೆಲ್ಲ ಸ್ಫೋಟವಾಗಿ ಶಾಲೆಯ ಕಿಟಕಿಗಳ ಗಾಜು ಪುಡಿಯಾಗುತ್ತಿತ್ತು. ಈ ಗಾಜಿನ ಖರ್ಚನ್ನೂ ಗಾಳಿವಿದ್ಯುತ್ತಿನ ಲೆಕ್ಕಕ್ಕೆ ಸೇರಿಸುವುದೇ ನ್ಯಾಯ. ಕಡೆಗೆ ಅವನು ಬ್ಯಾಟರಿಗೇ ಮರಳಿ, ಹಳ್ಳಿಗೊಂದು ಪುಟ್ಟ ವಿದ್ಯುದಾಗಾರವೆಂಬ ಮಾದರಿಯನ್ನು ರೂಪಿಸಿ, ಅದನ್ನು ನಡೆಸಬಲ್ಲ ಹಳ್ಳಿಯ ಹುಡುಗರಿಗೆ ಶಿಕ್ಷಣವನ್ನು ಕೊಡಲಾರಂಭಿಸಿದನು. ಅವನು 1908ರಲ್ಲಿ ತೀರಿಕೊಂಡನು. ಮೊದಲನೆಯ ಮಹಾಯುದ್ಧದಲ್ಲಿ ಹಡಗುಗಳು ನಿಂತು ಇಂಧನ ದುರ್ಲಭವಾದಾಗ ಅವನ ಹಾದಿಗೆ ಬೆಲೆ ಬಂದಿತು. 1918ರ ವೇಳೆಗೆ ಅಲ್ಲಿಯ ಸುಮಾರು 120 ಗ್ರಾಮೀಣ ವಿದ್ಯುದಾಗಾರಗಳಲ್ಲಿ 20ರಿಂದ 35 ಕಿಲೊವಾಟ್‌ನ ಗಾಳಿಯಂತ್ರಗಳು ತಿರುಗುತ್ತಿದ್ದುವು. ದೇಶದ ವಿದ್ಯುತ್ತಿನಲ್ಲಿ ಶೇಕಡ 3ರಷ್ಟು ಅವುಗಳದೇ ಆಗಿತ್ತು. ಯುದ್ಧ ಮುಗಿದು ಇಂಧನ ಮತ್ತೆ ಅಗ್ಗವಾದೊಡನೆ ಆ ಉತ್ಸಾಹವೂ ಇಳಿಯಿತು.

ಆಸ್ಕೋವಿನಲ್ಲಿ 1904ರಲ್ಲಿ ಪಾಠ ಕೇಳಿದ ಹುಡುಗರಲ್ಲಿ ಒಬ್ಬನು ಯೋಹಾನೆಸ್ ಯೂಲ್. ಅರ್ಧ ಶತಮಾನದ ಅನಂತರ, ನಿವೃತ್ತಿಯ ವಯಸ್ಸಿನಲ್ಲಿ, ಈತನು ಗುರುವಿನ ಪ್ರಶ್ನೆಗೆ ಬೇರೆಯೇ ಉತ್ತರವನ್ನು ಕೊಟ್ಟನು. ಗಾಳಿಯ ಶಕ್ತಿಯನ್ನು ಅಲ್ಲಲ್ಲೇ ಕೂಡಿಡುವ ಗೊಡವೆಯೇ ಬೇಡ, ಹುಟ್ಟಿದ ವಿದ್ಯುತ್ತನ್ನು ನೇರವಾಗಿ ದೇಶದ ವಿದ್ಯುಜ್ಜಾಲಕ್ಕೆ ಬಿಟ್ಟುಬಿಡೋಣ, ಗಾಳಿ ಇಲ್ಲದಾಗ ಇತರ ವಿದ್ಯುದಾಗಾರಗಳು ಭಾರವನ್ನು ಹೊರಲಿ ಎಂಬುದು ಅವನ ವಾದ. 1957ರಲ್ಲಿ ದೇಶದ ದಕ್ಷಿಣ ತುದಿಯ ಗೆಡ್ಸರ್‌ನಲ್ಲಿ ಅವನು ನಿಲ್ಲಿಸಿದ 200 ಕಿಲೊವಾಟ್ ಯಂತ್ರಕ್ಕೆ ಮೂರೇ ರೆಕ್ಕೆ. ಬಿರುಗಾಳಿ ಬಂದರೆ ರೆಕ್ಕೆಯ ಆಕಾರವೇ ಹೆಚ್ಚಿನ ಶಕ್ತಿಯನ್ನು ಹಿಡಿಯಗೊಡದು. ಅಷ್ಟರಲ್ಲೂ ವೇಗ ಮಿತಿಮೀರಿದರೆ ರೆಕ್ಕೆಗಳ ತುದಿ ತಿರುಗಿ ತಡೆಯೊಡ್ಡುವುದು. ಅದು ಸುಮಾರು 10 ವರ್ಷ ದೊಡ್ಡ ರಿಪೇರಿಯಿಲ್ಲದೆ ದುಡಿಯಿತು. ಇಂದು ಚಿತ್ರದುರ್ಗ ಗದಗುಗಳ ಗುಡ್ಡಗಳ ಮೇಲೆ ತಿರುಗುವ ಮೂರು ರೆಕ್ಕೆಯ ಯಂತ್ರಗಳಿಗೆ ಇದನ್ನೇ ಪೂರ್ವಜನೆನ್ನಬಹುದು.

ಯಂತ್ರ ಗೆದ್ದಿತು, ಲೆಕ್ಕ ಸೋತಿತು. ಗಾಳಿ ಬೀಸದ ದಿನಕ್ಕಾಗಿ ಇಂಧನದ ವಿದ್ಯುದಾಗಾರವನ್ನು ಹೇಗೂ ಕಟ್ಟಿಯೇ ಇರಬೇಕಾದ್ದರಿಂದ, ಗಾಳಿಯಂತ್ರದ ಜಮೆಗೆ ಉಳಿತಾಯವಾದ ಎಣ್ಣೆ ಕಲ್ಲಿದ್ದಲುಗಳ ಬೆಲೆಯನ್ನಷ್ಟೇ ಬರೆಯಬಹುದಲ್ಲದೆ, ವಿದ್ಯುದಾಗಾರದ ಬಂಡವಾಳವನ್ನು ಬರೆಯಲಾಗದೆಂದು ಲೆಕ್ಕಿಗರು ವಾದಿಸಿದರು. ಅತ್ತ ಗಾಳಿಯಂತ್ರದ ಖರ್ಚಾದರೋ ಬಹುಪಾಲು ಮೊದಲ ದಿನವೇ ಹೂಡಬೇಕಾದ ಬಂಡವಾಳ, ಅದರ ಮೇಲಿನ ಬಡ್ಡಿ. ಎಣ್ಣೆ ನೀರಿನಂತೆ ಅಗ್ಗವಾಗಿದ್ದ ಆ ಕಾಲದಲ್ಲಿ ತೀರ್ಪು ಏನಾಯಿತೆಂದು ಬೇರೆ ಹೇಳಬೇಕಾಗಿಲ್ಲ. ಈ ವಾದದಲ್ಲಿ ತರ್ಕದೋಷ ಕಾಣದು. ಎಣ್ಣೆಯ ಬೆಲೆ ಎಂದೆಂದಿಗೂ ಹಾಗೆಯೇ ನಿಲ್ಲುವುದೆಂದು ನಂಬಿದುದಷ್ಟೇ ಅದರ ಕೊರತೆ.

1973ರಲ್ಲಿ ಎಣ್ಣೆಯ ಬೆಲೆ ಗಗನಕ್ಕೇರಿ ಆ ನಂಬಿಕೆ ಮುರಿಯಿತು. ಬೇಕಾದ ಶಕ್ತಿಯಲ್ಲಿ ಶೇಕಡ 90ಕ್ಕೂ ಮಿಕ್ಕಿ ಹೊರಗಿನ ಎಣ್ಣೆಯನ್ನೇ ನೆಚ್ಚಿದ್ದ ದೇಶ ತಲ್ಲಣಿಸಿತು. ಆಗ ಜಟ್ಲೆಂಡಿನ ಬಡಗಿ ಕ್ರಿಸ್ಟಿಯನ್ ರಿಸಾಗರ್ ಎಂಬವನು ಅಂಗಡಿಯಲ್ಲಿ ಸಿಕ್ಕುವ ಸಾಧಾರಣ ಸಾಮಗ್ರಿಗಳಿಂದ ಗೆಡ್ಸರ್ ಯಂತ್ರದ ಚಿಕ್ಕ ಪ್ರತಿರೂಪವನ್ನು ತನ್ನ ತೋಟದಲ್ಲಿ ಕಟ್ಟಿ, ಅದನ್ನು ಮನೆಯ ವಿದ್ಯುತ್ ತಂತಿಗೆ ಜೋಡಿಸಿದನು. ಕೆಲವು ವರ್ಷಗಳ ಅನಂತರ ಜರ್ಮನರು ಮೇಧಾವಿ ಎಂಜಿನಿಯರುಗಳನ್ನು ಕೂಡಿಸಿ ನಿಲ್ಲಿಸಿದ, 3 ಮೆಗಾವಾಟ್‌ನ, 100 ಮೀಟರ್ ವ್ಯಾಸದ ಗ್ರೋವಿಯಾನ್ ಎಂಬ ಗಾಳಿಯಂತ್ರ ಕೆಲವು ನೂರು ಗಂಟೆ ತಿರುಗುವಷ್ಟರಲ್ಲೇ ಕೈಕೊಟ್ಟಿತು. ಬಡಗಿ ಕಮ್ಮಾರರ ಯಂತ್ರಗಳು ಮುರಿದಾಗ ಊರವರೇ ರಿಪೇರಿ ಮಾಡಿ, ಮುಂದಿನದನ್ನು ಕೊಂಚ ದೊಡ್ಡದಾಗಿ ಕಟ್ಟಿದರು. ಬೆಲೆ ಇಳಿದದ್ದು ಈ ಮೆಲುನಡೆಯಿಂದ. ಸರ್ಕಾರವು 1979ರಲ್ಲಿ ಬಂಡವಾಳದ ಶೇಕಡ 30ನ್ನು ತಾನೇ ಕೊಡತೊಡಗಿ, ಯಂತ್ರಗಳು ಅಗ್ಗವಾದಂತೆ ಕಡಿಮೆ ಮಾಡುತ್ತ ಬಂದು 1989ರಲ್ಲಿ ನಿಲ್ಲಿಸಿತು. ಸಹಾಯಧನವನ್ನು ಕೊಡುವುದಕ್ಕಿಂತ ಹೊತ್ತರಿತು ಹಿಂದೆಗೆಯುವುದು ಕಷ್ಟವೆಂದು ಬಲ್ಲವರಿಗೆ ಇದು ಸಣ್ಣ ಸಂಗತಿಯಲ್ಲ. ನೆರೆಹೊರೆಯ ಕುಟುಂಬಗಳು ಪಾಲು ಹಾಕಿ ಯಂತ್ರಗಳನ್ನು ಕೊಂಡವು. 1991ರಲ್ಲಿ ವಿಂಡೆಬಿಯ ಬಳಿ ಲೋಕದಲ್ಲೇ ಮೊದಲಬಾರಿಗೆ 11 ಯಂತ್ರಗಳು ಸಮುದ್ರದೊಳಗೆ ನಿಂತವು.

ಇಂದು ಡೆನ್ಮಾರ್ಕ್ ಬಳಸುವ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಯದು. ಬೀಸದ ಹೊತ್ತಿನ ಪ್ರಶ್ನೆಗೆ ಈಗ ನೆರೆಯ ನಾರ್ವೆ ಉತ್ತರ ಕೊಡುತ್ತಿದೆ. 1970ರ ದಶಕದ ಕಡೆಯಲ್ಲಿ ಸಮುದ್ರದಡಿ ಹಾಸಿದ ಕೇಬಲ್ಲುಗಳು ಡೇನರ ಕಲ್ಲಿದ್ದಲ ವಿದ್ಯುತ್ತಿಗೂ ನಾರ್ವೆಯ ಜಲವಿದ್ಯುತ್ತಿಗೂ ವಿನಿಮಯವಾಗಲೆಂದು ಹಾಕಿದವುಗಳು. ಗಾಳಿಯನ್ನು ಆಗ ಯಾರೂ ಗಣನೆಗೆ ತಂದಿರಲಿಲ್ಲ. ಈಗ ಬಿರುಗಾಳಿಯ ರಾತ್ರಿ ಡೇನರ ವಿದ್ಯುತ್ತು ಉತ್ತರಕ್ಕೆ ಹರಿದು ನಾರ್ವೆಯ ಜಲಾಶಯಗಳ ನೀರು ಉಳಿಯುತ್ತದೆ. ಗಾಳಿ ನಿಂತಾಗ ಆ ನೀರು ವಿದ್ಯುತ್ತಾಗಿ ದಕ್ಷಿಣಕ್ಕೆ ಬರುತ್ತದೆ. ಆದರೆ ಗಾಳಿ ಬೀಸಿದಾಗ ಎಲ್ಲ ಯಂತ್ರಗಳೂ ಏಕಕಾಲದಲ್ಲಿ ತಿರುಗುವುದರಿಂದ ಪೇಟೆಯಲ್ಲಿ ದರ ಕುಸಿದು, ಕೆಲವೊಮ್ಮೆ ಸೊನ್ನೆಗಿಂತಲೂ ಕೆಳಗಿಳಿಯುತ್ತದೆ. ಮಾರುವಾಗ ಅಗ್ಗ, ಕೊಳ್ಳುವಾಗ ತುಟ್ಟಿ ಎಂಬ ದೂರು ಕೋಪನ್‌ಹೇಗನ್ನಿನಲ್ಲಿ ಇದ್ದೇ ಇದೆ. ದೂರು ಸುಳ್ಳಲ್ಲ. ಆದರೂ ಅಷ್ಟು ದೊಡ್ಡ ಜಲಾಶಯಗಳನ್ನು ತಾವೇ ಕಟ್ಟಬೇಕಾಗಿದ್ದರೆ ಎಷ್ಟು ಖರ್ಚು ಬೀಳುತ್ತಿತ್ತೆಂದು ಕೂಡಿಸಿ ನೋಡಿದವರು, ನಾರ್ವೆಯವರಿಗೆ ಸಲ್ಲುವ ಈ ಬಾಡಿಗೆಯನ್ನು ದುಬಾರಿಯೆನ್ನಲಾರರು.