ಎರಡು ಹೆಸರಿನ ಹೆಂಗಸರು

ನಮ್ಮ ರಾಯಬಾಗ 1949ರ ತನಕ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಹೊಲದ ಪಾಲು ಸಣ್ಣದಾದ ಮನೆಗಳಿಂದ ಒಬ್ಬ ಹುಡುಗನಾದರೂ ದಂಡಿಗೆ ಹೋಗುವುದು ಈ ಸೀಮೆಯ ಹಳೆಯ ರೂಢಿ. ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರ ಬೆಳಗಾವಿಯಲ್ಲೇ ಇದೆಯಲ್ಲ!

ಮೊದಲ ಮಹಾಯುದ್ಧದಲ್ಲಿ ಮರಾಠಾ ಪಡೆಯ 103, 110 ಮತ್ತು 117ನೆಯ ಪಲ್ಟನ್ನುಗಳು ಈಗಿನ ಇರಾಕಿನ ಕುಟ್ ಎಂಬ ಊರಿನಲ್ಲಿ ಮುತ್ತಿಗೆಗೆ ಸಿಕ್ಕವು. ಸುಮಾರು ಐದು ತಿಂಗಳು ತಡೆದು, ಉಣ್ಣಲು ಏನೂ ಉಳಿಯದೆ, 1916ರ ಏಪ್ರಿಲ್ 29ರಂದು ಶರಣಾದವು. ಸೆರೆಯಲ್ಲಿ ಸತ್ತವರು ಬಹಳ. ಆ ನಾಡಿನ ಯುದ್ಧದಲ್ಲಿ ಮಡಿದು ಗೋರಿಯೂ ಇಲ್ಲದೆ ಹೋದ 40,000ಕ್ಕೂ ಹೆಚ್ಚು ಜನರಿಗಾಗಿ 1929ರಲ್ಲಿ ಬಸ್ರಾದಲ್ಲಿ ಸ್ಮಾರಕ ಕಟ್ಟಿದರು. ಅದರಲ್ಲಿ ಬ್ರಿಟಿಷ್ ಸಿಪಾಯಿಗಳ ಹೆಸರು ಒಂದೊಂದಾಗಿ ಕೆತ್ತಿವೆ. ನಮ್ಮವರಲ್ಲಿ ಅಧಿಕಾರಿಗಳಿಗೆ ಮಾತ್ರ ಹೆಸರು; ಉಳಿದವರು ಇಂಥ ಪಲ್ಟನ್ನಿನವರು ಇಷ್ಟು ಮಂದಿ ಎಂಬ ಲೆಕ್ಕ. ಈ ಭೇದ ತಪ್ಪೆಂದು ಯುದ್ಧ ಸಮಾಧಿಗಳ ಆಯೋಗ ಒಪ್ಪಿಕೊಂಡದ್ದು 2021ರಲ್ಲಿ.

ಎರಡನೆಯ ಯುದ್ಧ ಮುಗಿದಾಗ ಬಹಳಷ್ಟು ಸಿಪಾಯಿಗಳನ್ನು ಮನೆಗೆ ಕಳಿಸಿದರು. ಪೆನ್ಶನ್ನಿಗೆ ಬೇಕಾದ ಹದಿನೈದು ವರ್ಷದ ನೌಕರಿ ಅವರಿಗೆಲ್ಲಿ ಆಗಿತ್ತು? ಬರ್ಮಾ, ಇಟಲಿ ನೋಡಿ ಬಂದವರು ಮತ್ತೆ ಕುಂಟೆ ಹಿಡಿದರು. ಅವರಿಗೂ ಅವರ ವಿಧವೆಯರಿಗೂ ರಾಜ್ಯ ಸರಕಾರ ಗೌರವಧನ ಕೊಡತೊಡಗಿದ್ದು ಎಷ್ಟೋ ಕಾಲದ ಮೇಲೆ.

ಪೆನ್ಶನ್ ಇದ್ದವರ ಹೆಂಡಂದಿರಿಗಾದರೂ ಸುಖವೇ? ನಮ್ಮ ಸೋದರತ್ತೆಯ ಕಥೆ ಕೇಳಿ. ಮಾವ ಪೂರ್ತಿ ನೌಕರಿ ಮುಗಿಸಿ ಬಂದು, ಊರಲ್ಲೇ ಕಾಯಿಲೆಯಿಂದ ತೀರಿಕೊಂಡರು. ನಮ್ಮ ಕಡೆ ಮದುವೆಯಲ್ಲಿ ಹೊಸ ಸೊಸೆಗೆ ತಾಟಿನ ಅಕ್ಕಿಯಲ್ಲಿ ಬರೆದು ಬೇರೆ ಹೆಸರು ಇಡುವುದುಂಟು. ಮಾವ ಪಲ್ಟನ್ನಿನಲ್ಲಿ ಬರೆಸಿದ್ದು ಆ ಅಕ್ಕಿಯ ಹೆಸರು. ಸಿಪಾಯಿಯ ಮದುವೆ, ಮಕ್ಕಳ ವಿವರವನ್ನು ಪಲ್ಟನ್ ‘ಪಾರ್ಟ್ ಟೂ ಆರ್ಡರ್’ ಎಂದು ಹೊರಡಿಸುತ್ತದೆ. ಮುಂದೆ ಎಲ್ಲದಕ್ಕೂ ಅದೇ ಆಧಾರ. ರೇಶನ್ ಕಾರ್ಡಿನಲ್ಲಿ, ಮತದಾರರ ಪಟ್ಟಿಯಲ್ಲಿ ಮಾತ್ರ ಅತ್ತೆಗೆ ತವರಿನ ಹೆಸರೇ ಉಳಿದಿತ್ತು. ಕಚೇರಿಯವರ ಲೆಕ್ಕದಲ್ಲಿ ಅವರು ಇಬ್ಬರು ಹೆಂಗಸರಾದರು!

ಎರಡು ವರ್ಷ ಅಲೆದೆವು. ತಲಾಠಿಯ ದಾಖಲೆ, ಸ್ಟಾಂಪ್ ಪೇಪರಿನ ಅಫಿಡವಿಟ್, ಪಂಚರ ಸಹಿ, ಜೋಡಿ ಫೋಟೋ. ಒಂದು ಕಚೇರಿಯಲ್ಲಿ ಗುಮಾಸ್ತ, “ಖರೆ ಹೆಸರು ಯಾವುದ್ರೀ ಆಯಿ?” ಎಂದು ಕೇಳಿದ. “ಅವರು ಇಟ್ಟದ್ದೂ ಖರೇನ, ನಮ್ಮವ್ವ ಇಟ್ಟದ್ದೂ ಖರೇನ. ಯಾವುದನ್ನ ಸುಳ್ಳ ಅನ್ಲೋ ತಮ್ಮಾ?” ಎಂದರು ಅತ್ತೆ. ಅವನು ಇನ್ನೊಂದು ಕಾಗದ ಬರೆದು ಕೊಟ್ಟ.

ಹೆಂಡತಿಯ ಪಾಲಿಗೆ ಸರಕಾರದ ನೆನಪಿಗೆ ಷರತ್ತುಗಳೂ ಇದ್ದವು. ಶೌರ್ಯಪದಕ ಪಡೆದವನ ವಿಧವೆ ಮರುಮದುವೆಯಾದರೆ ಪದಕದ ಭತ್ಯೆ ನಿಲ್ಲುತ್ತಿತ್ತು; ಗಂಡನ ಅಣ್ಣತಮ್ಮಂದಿರಲ್ಲೇ ಒಬ್ಬನನ್ನು ಮದುವೆಯಾಗಿ ಆ ಮನೆಯಲ್ಲೇ ಉಳಿದರೆ ಮಾತ್ರ ಮುಂದುವರಿಯುತ್ತಿತ್ತು. ಯಾವ ಕಾಲದ ನ್ಯಾಯವೋ! ಈ ಷರತ್ತು ಹೋದದ್ದು 2017ರ ನವೆಂಬರಿನಲ್ಲಿ.

ಅತ್ತೆಯ ಪೆನ್ಶನ್ ಕೊನೆಗೆ ಬಾಕಿ ಸಮೇತ ಬಂತು. ಆ ಬಾಕಿ ಮೊದಲು ಸೊಸೈಟಿಯ ಸಾಲಕ್ಕೆ ಹೋಯಿತು. ಈಗ ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ, ತಾನು ಬದುಕಿದ್ದೇನೆಂದು ಅಕ್ಕಿಯ ಹೆಸರಿನಲ್ಲಿ ಸಹಿ ಮಾಡಿ ಬರುತ್ತಾರೆ. ಮಾವನ ನಂತರ ಆ ಹೆಸರಿನಿಂದ ಅವರನ್ನು ಕರೆಯುವವರು ಬ್ಯಾಂಕಿನವರು ಮಾತ್ರ.